ಕಟಕಟ ಸದ್ದು ಎಲ್ಲಿಂದ? ಆರ್‌ಸಿ ಟ್ರಕ್ಕಿನ ಡಿಫ್ ಬಿಚ್ಚುವ ಮೊದಲು

ರಿಮೋಟಿನಿಂದ ಓಡಿಸುವ ನನ್ನ ಆರ್‌ಸಿ ಟ್ರಕ್ಕಿನಲ್ಲಿ ಥ್ರಾಟಲ್ ಪೂರ್ತಿ ಒತ್ತಿದ ಕೂಡಲೇ ಹಿಂದಿನಿಂದ ಕಟಕಟಕಟ. ನಿಧಾನಕ್ಕೆ ಓಡಿಸಿದರೆ ಏನೂ ಇಲ್ಲ. ಕೈಯಲ್ಲಿ ಎತ್ತಿ ಹಿಡಿದು ಚಕ್ರ ತಿರುಗಿಸಿದರೂ ಏನೂ ಇಲ್ಲ. ನೆಲಕ್ಕೆ ಇಟ್ಟು ಜೋರಾಗಿ ಬಿಟ್ಟರೆ ಮಾತ್ರ ಮತ್ತೆ ಕಟಕಟ.

ನನ್ನದು 1/10 ಅಳತೆಯ ಫೋರ್ ವೀಲ್ ಡ್ರೈವ್ ಶಾರ್ಟ್ ಕೋರ್ಸ್ ಟ್ರಕ್. 3900 ಕೆವಿಯ ಬ್ರಶ್‌ಲೆಸ್ ಮೋಟರ್, ಅಂದರೆ ಒಂದು ವೋಲ್ಟಿಗೆ ನಿಮಿಷಕ್ಕೆ 3900 ಸುತ್ತು. 2ಎಸ್ (ಎರಡು ಸೆಲ್ಲಿನ) ಬ್ಯಾಟರಿಯಲ್ಲಿ ವರ್ಷಗಟ್ಟಲೆ ಸುಮ್ಮನೆ ಓಡಿತ್ತು. 3ಎಸ್ (ಮೂರು ಸೆಲ್ಲಿನದು) ಹಾಕಿದ ಮೇಲೆ ಈ ಸದ್ದು ಶುರುವಾಯಿತು. ಲೆಕ್ಕ ಹಾಕಿದರೆ ಆಶ್ಚರ್ಯ ಏನಿಲ್ಲ. 7.4 ವೋಲ್ಟಿಗೆ ಮೋಟರ್ ನಿಮಿಷಕ್ಕೆ ಸುಮಾರು 29,000 ಸುತ್ತು ಹಾಕುತ್ತಿತ್ತು, 11.1 ವೋಲ್ಟಿಗೆ 43,000 ದಾಟಿತು. ಡಿಫ್ (ಡಿಫರೆನ್ಷಿಯಲ್, ತಿರುವಿನಲ್ಲಿ ಎಡ ಬಲ ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು ಡಬ್ಬಿ) ಮಾತ್ರ ಅದೇ ಹಳೆಯದು.

ಸದ್ದು ಬಂತು, ಡಿಫ್‌ನ ಕ್ರೌನ್ ಪಿನಿಯನ್ ಗೇರು ಜೋಡಿ ಬದಲಾಯಿಸಿದೆ. ಮತ್ತೆ ಬಂತು, ಮತ್ತೆ ಬದಲಾಯಿಸಿದೆ. ಮೂರನೇ ಸಲ ದುಬಾರಿ ಸ್ಟೀಲ್ ಸೆಟ್ ತರಿಸಿದೆ. ಅದರ ಹಲ್ಲಿನ ತುದಿಗಳೂ ಹತ್ತು ಬ್ಯಾಟರಿ ಮುಗಿಯುವಷ್ಟರಲ್ಲಿ ದುಂಡಗಾದವು. ತಪ್ಪು ಗೇರಿನದ್ದಾಗಿರಲೇ ಇಲ್ಲ. ಏನಾಗಿತ್ತು ಅನ್ನುವುದನ್ನು ಮುಂದೆ ಹೇಳುತ್ತೇನೆ. ಅದನ್ನು ಕಂಡುಹಿಡಿಯಲು ನಾನು ಮೊದಲೇ ಮಾಡಬೇಕಿದ್ದ, ಆದರೆ ಮಾಡದೇ ಇದ್ದ ಪರೀಕ್ಷೆಗಳನ್ನು ಮೊದಲು ನೋಡೋಣ.

ದೋಷವೋ, ಟ್ಯೂನಿಂಗೋ?

ಸ್ಕ್ರೂ ಡ್ರೈವರ್ ಕೈಗೆ ತಗೊಳ್ಳುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ಗಾಡಿ ಮೊದಲು ಸರಿಯಾಗಿದ್ದು ಈಗ ಹೀಗಾಗಿದೆಯಾ, ಅಥವಾ ಮೊದಲಿನಿಂದಲೂ ಹೀಗೇನಾ?

ಹೋದ ಭಾನುವಾರದವರೆಗೆ ತಿರುವಿನಲ್ಲಿ ಚೆನ್ನಾಗಿ ಹಿಡಿಯುತ್ತಿದ್ದ ಟ್ರಕ್ಕು ಈಗ ಒಳಗಿನ ಚಕ್ರವನ್ನು ಸುಮ್ನೆ ಗಿರ್ರನೆ ತಿರುಗಿಸುತ್ತಾ ನಿಂತರೆ ಅದು ದೋಷ. ಬಹುಶಃ ಎಣ್ಣೆ ಸೋರಿದೆ. ಅದಕ್ಕೆ ಇನ್ನೂ ದಪ್ಪ ಎಣ್ಣೆ ತುಂಬಿಸಿದರೆ ಅದೂ ಒಂದು ದಿನ ಸೋರಿ ಹೋಗುತ್ತದೆ. ಹೊಸ ಗಾಡಿ ಡಬ್ಬದಿಂದ ತೆಗೆದ ದಿನದಿಂದಲೇ ಹಾಗೆ ಮಾಡುತ್ತಿದ್ದರೆ ಮಾತ್ರ ಅದು ಟ್ಯೂನಿಂಗ್ ಮಾತು. ಇವೆರಡನ್ನು ಬೆರೆಸಿಕೊಂಡರೆ ದುಡ್ಡು ಖಾಲಿ, ದೋಷ ಅಲ್ಲೇ. ನನ್ನ ಮೂರು ಸೆಟ್ ಗೇರ್ ಇದಕ್ಕೆ ಸಾಕ್ಷಿ.

ಇನ್ನೊಂದು, ನಿಮ್ಮ ಗಾಡಿ ಯಾವ ಜಾತಿಯದು ಅಂತ ಗೊತ್ತಿರಲಿ. ಹಿಂದಿನ ಎರಡೇ ಚಕ್ರಕ್ಕೆ ಶಕ್ತಿ ಹೋಗುವುದಾದರೆ ಒಂದೇ ಡಿಫ್. ಫೋರ್ ವೀಲ್ ಡ್ರೈವ್‌ನಲ್ಲಿ ಎರಡು ಬಗೆ. ಒಂದರಲ್ಲಿ ಮುಂದೆ ಹಿಂದೆ ಡಿಫ್, ನಡುವೆ ನೇರ ಶಾಫ್ಟು, ಮೋಟರ್ ಹತ್ತಿರ ಸ್ಲಿಪ್ಪರ್ ಕ್ಲಚ್ (ಜೋರು ಪೆಟ್ಟು ಬಿದ್ದಾಗ ಜಾರಿ ಗೇರುಗಳನ್ನು ಕಾಪಾಡುವುದು). ಇನ್ನೊಂದರಲ್ಲಿ ನಡುವೆಯೂ ಒಂದು ಡಿಫ್, ಸ್ಲಿಪ್ಪರ್ ಇಲ್ಲ. 1/8 ಗಾಡಿಗಳಲ್ಲಿ ಬಹುಪಾಲು ಎರಡನೆಯ ಬಗೆ. ಬಂಡೆ ಹತ್ತುವ ಕ್ರಾಲರ್‌ಗಳ ಕಥೆ ಬೇರೆ, ಕೊನೆಯ ಹತ್ತಿರ ಬರುತ್ತೇನೆ.

ಒಳಗಿನ ಭಾಗಗಳಿಗೆ ನಮ್ಮ ಲಾರಿ ಮೆಕ್ಯಾನಿಕ್‌ಗಳ ಹೆಸರುಗಳನ್ನೇ ಬಳಸುತ್ತೇನೆ. ದೊಡ್ಡ ಹಲ್ಲಿನ ಚಕ್ರ ಕ್ರೌನ್. ಅದನ್ನು ತಿರುಗಿಸುವ ಚಿಕ್ಕದು ಪಿನಿಯನ್. ಡಬ್ಬಿಯೊಳಗೆ ಅಡ್ಡ ಪಿನ್ನಿನ ಮೇಲೆ ಕೂತ ಪುಟ್ಟ ಗೇರುಗಳು ಸ್ಟಾರ್. ಲಾರಿಯ ಹೌಸಿಂಗ್ ಬಿಚ್ಚಿದ್ದನ್ನು ಒಮ್ಮೆ ನೋಡಿದ್ದರೆ ಸಾಕು, ಇದು ಅದರದೇ ಮರಿ. ಮೋಟರಿನ ತುದಿಯಲ್ಲೂ ಒಂದು ಪಿನಿಯನ್ ಇರುತ್ತದೆ. ಗೊಂದಲ ಬೇಡ ಅಂತ ಅದನ್ನು ಮೋಟರ್ ಪಿನಿಯನ್ ಅನ್ನುತ್ತೇನೆ, ಅದು ಕಚ್ಚಿಕೊಳ್ಳುವ ದೊಡ್ಡ ಗೇರು ಸ್ಪರ್.

ಬ್ಯಾಟರಿ ತೆಗೆದು, ಬರೀ ಕೈಯಲ್ಲಿ

ಬ್ಯಾಟರಿ ಕಿತ್ತು ಪಕ್ಕಕ್ಕಿಡಿ. ಸ್ವಿಚ್ ಆಫ್ ಮಾಡಿದರೆ ಸಾಕು ಅಂದುಕೊಳ್ಳಬೇಡಿ, ಬೆರಳು ಗೇರಿನ ಹತ್ತಿರ ಇರುತ್ತದೆ. ಒಂದು ಟಿಫಿನ್ ಡಬ್ಬಿ ಬೋರಲು ಹಾಕಿ, ಗಾಡಿಯ ಹಿಂಭಾಗ ಅದರ ಮೇಲೆ ಕೂರಿಸಿ. ಮುಂದಿನ ಚಕ್ರಗಳು ಮೇಜಿಗೆ ಒತ್ತಿಕೊಂಡಿರಲಿ.

ಸ್ಪರ್ ಗೇರನ್ನು ಹೆಬ್ಬೆರಳಿನಿಂದ ಅಲುಗಾಡದಂತೆ ಒತ್ತಿ ಹಿಡಿಯಿರಿ. ಇನ್ನೊಂದು ಕೈಯಲ್ಲಿ ಹಿಂದಿನ ಎಡ ಚಕ್ರವನ್ನು ನಿಧಾನವಾಗಿ ತಿರುಗಿಸಿ. ಬಲ ಚಕ್ರ ಅಷ್ಟೇ ವೇಗದಲ್ಲಿ ಉಲ್ಟಾ ತಿರುಗಬೇಕು. ತಿರುಗಿದರೆ ಸ್ಟಾರ್ ಗೇರುಗಳು ಬದುಕಿವೆ.

ಬಲ ಚಕ್ರ ಅಲುಗಾಡಲೇ ಇಲ್ಲವಾ? ಆಗಲೂ ಡಿಫ್ ಬಿಚ್ಚುವ ಅವಸರ ಬೇಡ. ಚಕ್ರಕ್ಕೂ ಡಿಫ್‌ಗೂ ನಡುವೆ ಇನ್ನೂ ಮೂರು ಜಾಗಗಳಿವೆ. ಟಾರ್ಚ್ ಹಾಕಿ ಡಿಫ್‌ನಿಂದ ಹೊರಗೆ ಬಂದಿರುವ ಕಪ್ಪನ್ನು (ಚಕ್ರಕ್ಕೆ ಹೋಗುವ ಡ್ರೈವ್ ಶಾಫ್ಟ್ ಕೂರುವ ಬಟ್ಟಲಿನಂಥ ಭಾಗ) ನೋಡುತ್ತಾ ಚಕ್ರ ತಿರುಗಿಸಿ. ಚಕ್ರ ತಿರುಗುತ್ತಿದೆ, ಕಪ್ಪು ನಿಂತೇ ಇದೆ ಅಂದರೆ ದೋಷ ಹೊರಗಡೆ. ಚಕ್ರದ ಷಟ್ಕೋನದ ಹೆಕ್ಸ್ ಒಳಗೆ ದುಂಡಗಾಗಿರಬಹುದು, ಆಕ್ಸಲಿನ ಸಣ್ಣ ಪಿನ್ನು ಮುರಿದಿರಬಹುದು, ಡ್ರೈವ್ ಶಾಫ್ಟ್ ಕಪ್ಪಿನಿಂದ ಕಳಚಿರಬಹುದು. ಈ ಪಿನ್ನು ಬೆಂಕಿಕಡ್ಡಿಯಷ್ಟೂ ದಪ್ಪ ಇರುವುದಿಲ್ಲ. ಅದು ಮುರಿದದ್ದಕ್ಕೆ ಇಡೀ ಡಿಫ್ ಬಿಚ್ಚಿದವರನ್ನು ನಾನು ಕಂಡಿದ್ದೇನೆ. ಈ ಕಡೆಯ ಕಪ್ಪು ತಿರುಗಿ ಆ ಕಡೆಯ ಕಪ್ಪು ತಿರುಗದಿದ್ದರೆ ಮಾತ್ರ ಒಳಗೆ ಏನೋ ಮುರಿದಿದೆ.

ತಿರುಗುತ್ತಿದೆ, ಆದರೆ ಬೆರಳಿಗೆ ಕುಟುಕುಟು ಅಂತ ಸಿಗುತ್ತಿದೆ ಅಂದರೆ ಸ್ಟಾರ್‌ನ ಒಂದು ಹಲ್ಲು ಹೋಗಿದೆ, ಅಥವಾ ಒಳಗಿನ ಶಿಮ್ (ತೆಳ್ಳನೆ ವಾಷರ್) ಜಾಸ್ತಿಯಾಗಿ ಬಿಗಿಯಾಗಿದೆ. ಯಾವ ತಡೆಯೂ ಇಲ್ಲದೆ ಸರ್ರನೆ ತಿರುಗಿದರೆ ಎಣ್ಣೆ ಇಲ್ಲ. ಎರಡು ಚಕ್ರಗಳೂ ಒಂದೇ ದಿಕ್ಕಿಗೆ ತಿರುಗಿದರೆ ಡಿಫ್ ಜಾಮ್ ಆಗಿದೆ, ಜೊತೆಗೆ ಸ್ಪರ್‌ಗೂ ಡಿಫ್‌ಗೂ ನಡುವೆ ಎಲ್ಲೋ ಕೊಂಡಿ ತಪ್ಪಿದೆ ಅಥವಾ ಸ್ಲಿಪ್ಪರ್ ಜಾರುತ್ತಿದೆ.

ಮುಂದಿನ ಡಿಫ್‌ಗೂ ಇದನ್ನೇ ಮಾಡಿ. ನಡುವಿನ ಡಿಫ್ ಇದ್ದರೆ ನಾಲ್ಕೂ ಚಕ್ರ ಮೇಲೆತ್ತಿ, ಸ್ಪರ್ ಹಿಡಿದು, ಮುಂದಿನ ಎರಡೂ ಚಕ್ರಗಳನ್ನು ಒಟ್ಟಿಗೆ ಮುಂದಕ್ಕೆ ತಿರುಗಿಸಿ. ಹಿಂದಿನ ಎರಡೂ ಹಿಂದಕ್ಕೆ ತಿರುಗಬೇಕು.

ಇನ್ನು ಕ್ರೌನ್ ಪಿನಿಯನ್ ನಡುವಿನ ಆಟ, ಅಂದರೆ ಹಲ್ಲುಗಳ ನಡುವಿನ ಸಡಿಲ. ನಡುವಿನ ಶಾಫ್ಟನ್ನು ಬಿಗಿಯಾಗಿ ಹಿಡಿದು, ಹಿಂದಿನ ಎರಡೂ ಚಕ್ರಗಳನ್ನು ಒಟ್ಟಿಗೆ ಮುಂದಕ್ಕೂ ಹಿಂದಕ್ಕೂ ಅಲ್ಲಾಡಿಸಿ. ಸ್ವಲ್ಪ ಟಿಕ್ ಟಿಕ್ ಇರಲೇಬೇಕು, ಅದೂ ಇಲ್ಲದಿದ್ದರೆ ಹಲ್ಲುಗಳು ಒಂದಕ್ಕೊಂದು ಒತ್ತಿ ಬಿಸಿಯಾಗುತ್ತವೆ. ಎಷ್ಟು ಆಟ ಸರಿ ಅನ್ನುವುದು ಗೊತ್ತಾಗದಿದ್ದರೆ ಮುಂದಿನ ಡಿಫ್‌ನ ಜೊತೆ ಹೋಲಿಸಿ.

ನಾನು ಇಲ್ಲಿಗೇ ನಿಲ್ಲಿಸಿದ್ದೆ. ಮುಂದೆಯೂ ಹಿಂದೆಯೂ ಒಂದೇ ಥರ ಆಟ, ಹಾಗಾದರೆ ಎಲ್ಲಾ ಸರಿ ಅಂದುಕೊಂಡೆ. ಇನ್ನೊಂದು ಹೆಜ್ಜೆ ಇತ್ತು. ಕಪ್ಪನ್ನು ಹೆಬ್ಬೆರಳಿನಿಂದ ಪಕ್ಕಕ್ಕೆ ಜೋರಾಗಿ ಒತ್ತಿ ಹಿಡಿದು, ಅದೇ ಅಲ್ಲಾಟ ಮತ್ತೆ ಮಾಡಬೇಕು. ಎಡಕ್ಕೊಮ್ಮೆ, ಬಲಕ್ಕೊಮ್ಮೆ. ಒತ್ತಿದಾಗ ಆಟ ಎದ್ದು ಕಾಣುವಷ್ಟು ಹೆಚ್ಚಾದರೆ ಕ್ರೌನ್ ಜಾಗ ಬಿಟ್ಟು ಸರಿಯುತ್ತಿದೆ ಅಂತ ಅರ್ಥ.

ಸದ್ದಿನ ಗುರುತು

ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ. ಒಬ್ಬರು ಓಡಿಸಲಿ, ಇನ್ನೊಬ್ಬರು ನೆಲದ ಹತ್ತಿರ ಫೋನ್ ಹಿಡಿಯಲಿ. ನಿಧಾನಗತಿಯಲ್ಲಿ ಕೇಳಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಗಾಡಿ ಮುಂದೆ ಹೋಗದೆ ಮೋಟರ್ ಹತ್ತಿರ ಟರ್ರ್ ಅಂತ ಕಿವಿಗೆ ಚುಚ್ಚುವ ಸದ್ದು ಬಂದರೆ ಸ್ಪರ್ ಹಲ್ಲು ಹೋಗಿದೆ ಅಥವಾ ಮೋಟರ್ ಪಿನಿಯನ್ ಶಾಫ್ಟಿನ ಮೇಲೆ ಜಾರುತ್ತಿದೆ. ಎರಡನೆಯದೇ ಜಾಸ್ತಿ. ಆ ಪಿನಿಯನ್ ಹಿಡಿದಿಡುವ ಗ್ರಬ್ ಸ್ಕ್ರೂ ಶಾಫ್ಟಿನ ಚಪ್ಪಟೆ ಭಾಗದ ಮೇಲೆ ಕೂತಿರಬೇಕು, ಒಂದು ತೊಟ್ಟು ಥ್ರೆಡ್ ಲಾಕ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಹಾಕಿರಬೇಕು. ಇದು ಎರಡು ನಿಮಿಷದ ಕೆಲಸ. ಡಿಫ್ ಹೋಗಿದೆ ಅಂತ ನನಗೆ ತೋರಿಸಲು ತಂದ ಗಾಡಿಗಳಲ್ಲಿ ಎಷ್ಟೋ ಸಲ ಇದೇ ಕಾರಣ ಆಗಿತ್ತು.

ಹೊಸ ಪಿನಿಯನ್ ಹಾಕಿದ್ದರೆ ಹಲ್ಲಿನ ಅಳತೆಯನ್ನೂ ನೋಡಿಕೊಳ್ಳಿ. 32 ಪಿಚ್ ಮತ್ತು 0.8 ಮಾಡ್ಯೂಲ್ ಹೆಚ್ಚುಕಡಿಮೆ ಒಂದೇ. 48 ಪಿಚ್ ಪೂರ್ತಿ ಬೇರೆ. 1/8 ಗಾಡಿಗಳಲ್ಲಿ ಸಾಮಾನ್ಯವಾಗಿ 1 ಮಾಡ್ಯೂಲ್. ಕಣ್ಣಿಗೆ ಒಂದೇ ಥರ ಕಂಡರೂ ತಪ್ಪು ಜೋಡಿ ಹಾಕಿದರೆ ಒಂದು ಬ್ಯಾಟರಿಯೂ ತಡೆಯುವುದಿಲ್ಲ. ಅಂತರ ಹೊಂದಿಸಲು ಹಳೇ ಉಪಾಯವೇ ಸಾಕು. ಕಾಗದದ ಒಂದು ಪಟ್ಟಿಯನ್ನು ಎರಡು ಗೇರುಗಳ ನಡುವೆ ಇಟ್ಟು, ಮೋಟರ್ ಒತ್ತಿ, ಸ್ಕ್ರೂ ಬಿಗಿಮಾಡಿ, ಪಟ್ಟಿ ಹೊರಗೆ ತೆಗೆಯಿರಿ. ಪಟ್ಟಿಯಲ್ಲಿ ಮಡಿಕೆಗಳು ಬೀಳಬೇಕು, ಹರಿಯಬಾರದು.

ನಿಂತಲ್ಲಿಂದ ಹೊರಡುವಾಗ ಕುಯ್ಯ್ ಅಂತ ಒಂದೆರಡು ಅಡಿ ಬಂದು ನಿಂತರೆ ಅದು ಸ್ಲಿಪ್ಪರ್. ಅದು ಅದರ ಕೆಲಸ, ಬೇಕಾದದ್ದೇ. ದೂರದವರೆಗೆ ಬರುತ್ತಲೇ ಇದ್ದರೆ, ಜೊತೆಗೆ ಸುಟ್ಟ ವಾಸನೆ ಬಂದರೆ ಸಡಿಲವಾಗಿದೆ. ಒಂದಿಷ್ಟೂ ಬರದಿದ್ದರೆ ಜಾಸ್ತಿ ಬಿಗಿಯಾಗಿದೆ, ಆ ಪೆಟ್ಟು ನೇರ ಡಿಫ್‌ಗೆ ಹೋಗುತ್ತದೆ.

ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಮಾತ್ರ ಮುಂದಿನಿಂದ ಟಕ ಟಕ ಬಂದರೆ ಡ್ರೈವ್ ಶಾಫ್ಟಿನ ಕೀಲು ಸವೆದಿದೆ. ಯಾವಾಗಲೂ ಗರಗರ ಅನ್ನುತ್ತಿದ್ದರೆ ಬೇರಿಂಗ್. ಮೋಟರನ್ನು ಸ್ಪರ್‌ನಿಂದ ದೂರ ಸರಿಸಿ ಗಾಡಿಯನ್ನು ನೆಲದ ಮೇಲೆ ತಳ್ಳಿ ನೋಡಿ. ನುಣ್ಣಗೆ ಉರುಳಿ ಹೋಗಬೇಕು. ಎಂ ಸ್ಯಾಂಡ್ ಗುಡ್ಡೆ ಮೇಲೆ ಹಾರಿಸುವ ಚಟ ಇದ್ದವರಿಗೆ ಈ ಗರಗರ ತಪ್ಪಿದ್ದಲ್ಲ. ಆ ಪುಡಿ ಬೇರಿಂಗಿನ ಲೋಹದ ಮುಚ್ಚಳದ ಸಂದಿಯಲ್ಲೇ ಒಳಗೆ ಹೋಗುತ್ತದೆ. ರಬ್ಬರ್ ಸೀಲಿನ ಬೇರಿಂಗ್ ಹಾಕಿಸಿ. ಪೈಪಿನ ನೀರು ಜೋರಾಗಿ ಬಿಟ್ಟು ತೊಳೆಯುವುದನ್ನೂ ನಿಲ್ಲಿಸಿ, ಬ್ರಶ್ ಸಾಕು.

ಇನ್ನು ಜೋರು ಥ್ರಾಟಲ್‌ಗೆ ಮಾತ್ರ ಬರುವ ಕಟಕಟ. ಇದು ಕ್ರೌನ್ ಪಿನಿಯನ್ ಹಲ್ಲು ಹಾರುವ ಸದ್ದು. ಸುಮಾರು ಸಲ ಹಾರಿದ ಮೇಲೆ ಹಲ್ಲು ಮುರಿಯುತ್ತದೆ, ಆಮೇಲೆ ನಿಧಾನಕ್ಕೆ ಓಡಿಸಿದರೂ ಸದ್ದು ಬರುತ್ತದೆ. ಆಗ ಎಣಿಸಿ ನೋಡಬಹುದು. ನನ್ನ ಗಾಡಿಯಲ್ಲಿ ಕ್ರೌನ್‌ಗೆ 37 ಹಲ್ಲು, ಪಿನಿಯನ್‌ಗೆ 13. ಎರಡೂ ಚಕ್ರಗಳನ್ನು ಒಟ್ಟಿಗೆ ಒಂದು ಸುತ್ತು ತಿರುಗಿಸಿದಾಗ ಒಂದೇ ಸಲ ಟಕ್ ಅಂದರೆ ಕ್ರೌನ್‌ನ ಹಲ್ಲು ಹೋಗಿದೆ. ಮೂರು ಸಲದ ಹತ್ತಿರ ಬಂದರೆ ಪಿನಿಯನ್‌ನದು. ಬಿಚ್ಚದೆಯೇ ಗೊತ್ತಾಗುತ್ತದೆ, ಅಲ್ವಾ?

ಕುಂಕುಮ ಹೇಳಿದ್ದು

ನನ್ನ ಮೂರನೇ ಸೆಟ್ಟೂ ಸವೆದಾಗ ಸುಮ್ಮನೆ ಕೂತು ಯೋಚಿಸಿದೆ. ಸ್ಟೀಲಿನ ಹಲ್ಲು ಇಷ್ಟು ಬೇಗ ಸವೆಯಬೇಕಾದರೆ ಹಲ್ಲಿನ ತುದಿ ಮಾತ್ರ ಕಚ್ಚುತ್ತಿರಬೇಕು. ಅದು ಕಣ್ಣಿಗೆ ಕಾಣಬೇಕಲ್ಲ. ಕಾರ್ಖಾನೆಗಳಲ್ಲಿ ಗೇರಿನ ಹಲ್ಲಿಗೆ ನೀಲಿ ಬಣ್ಣ ಬಳಿದು ನೋಡುತ್ತಾರೆ. ನನ್ನ ಹತ್ತಿರ ಅದು ಇರಲಿಲ್ಲ. ಕುಂಕುಮ ಇತ್ತು. "ದೇವರ ಮನೆ ಬಟ್ಟಲು ಮುಟ್ಟಬೇಡಿ, ಬೇಕಾದರೆ ಪೊಟ್ಟಣದಿಂದ ತಗೊಳ್ಳಿ" ಅಂತ ಹೆಂಡತಿ ಕೂಗಿದಳು.

ಚಿಟಿಕೆ ಕುಂಕುಮಕ್ಕೆ ನಾಲ್ಕು ಹನಿ ಕೊಬ್ಬರಿ ಎಣ್ಣೆ. ಕಿವಿ ಸ್ವಚ್ಛ ಮಾಡುವ ಹತ್ತಿಕಡ್ಡಿಯಿಂದ ಕ್ರೌನ್‌ನ ಎಂಟು ಹತ್ತು ಹಲ್ಲುಗಳಿಗೆ ತೆಳ್ಳಗೆ ಬಳಿದೆ. ಡಿಫ್ ಜೋಡಿಸಿ, ಚಕ್ರಗಳನ್ನು ಒಂದು ಕೈಯಲ್ಲಿ ತಡೆಯುತ್ತಾ ನಡುವಿನ ಶಾಫ್ಟನ್ನು ಮೆಲ್ಲಗೆ ತಿರುಗಿಸಿದೆ. ಮತ್ತೆ ಬಿಚ್ಚಿ ನೋಡಿದರೆ ಕುಂಕುಮ ಅಳಿಸಿದ್ದು ಹಲ್ಲಿನ ನಡುವೆಯೇ, ಚೆನ್ನಾಗಿಯೇ ಇತ್ತು. ಹಾಗಾದರೆ ತಪ್ಪೆಲ್ಲಿ?

ಇನ್ನೊಮ್ಮೆ ಬಳಿದೆ. ಈ ಸಲ ಚಕ್ರಗಳನ್ನು ಮೊಣಕಾಲ ನಡುವೆ ಒತ್ತಿ ಹಿಡಿದು, ಶಾಫ್ಟನ್ನು ಇಕ್ಕಳದಿಂದ ಬಟ್ಟೆ ಸುತ್ತಿ ಜೋರಾಗಿ ತಿರುಗಿಸಿದೆ. ಬಿಚ್ಚಿದಾಗ ಕುಂಕುಮ ಹಲ್ಲಿನ ತುದಿಯ ಅಂಚಿನಲ್ಲಿ ಮಾತ್ರ ಅಳಿಸಿತ್ತು. ಉಳಿದದ್ದೆಲ್ಲ ಕೆಂಪಗೆ ಹಾಗೇ ಇತ್ತು. ಭಾರ ಬಿದ್ದಾಗ ಕ್ರೌನ್ ಪಿನಿಯನ್‌ನಿಂದ ದೂರ ಹೋಗುತ್ತಿದೆ.

ಡಿಫ್ ಕೂರುವ ಪ್ಲಾಸ್ಟಿಕ್ ಹೌಸಿಂಗ್ ಖಾಲಿ ಮಾಡಿ ಬೇರಿಂಗ್ ಒಂದನ್ನೇ ಅದರ ಗೂಡಿನಲ್ಲಿ ಇಟ್ಟೆ. ಬಲಗಡೆಯದು ಗಟ್ಟಿಯಾಗಿ ಕೂತಿತು. ಕ್ರೌನ್ ಬೆನ್ನಿನ ಕಡೆಯದು ಬೆರಳಲ್ಲಿ ಒತ್ತಿದರೆ ಲೊಡಲೊಡ. ಗೂಡು ಮೊಟ್ಟೆಯಾಕಾರಕ್ಕೆ ಸವೆದಿತ್ತು. ಅದರಲ್ಲಿದ್ದ ಬೇರಿಂಗ್ ಯಾವತ್ತೋ ಜಾಮ್ ಆಗಿ, ಒಳಗಿನ ಬಳೆ ತಿರುಗುವ ಬದಲು ಹೊರಗಿನ ಬಳೆಯೇ ಪ್ಲಾಸ್ಟಿಕ್ಕಿನಲ್ಲಿ ತಿರುಗಿ ಅದನ್ನು ಕೊರೆದಿತ್ತು. 2ಎಸ್‌ನಲ್ಲಿ ತಳ್ಳುವ ಬಲ ಕಡಿಮೆ, ಹಲ್ಲು ಹಾರುತ್ತಿರಲಿಲ್ಲ. 3ಎಸ್ ಬಂದ ಮೇಲೆ ಹಾರಿತು.

ಅದೇ ದಿನ ಮಾಡಿದ್ದು ತಾತ್ಕಾಲಿಕ ರಿಪೇರಿ. ತಂಪು ಪಾನೀಯದ ಡಬ್ಬಿಯ ಗೋಡೆ ಸುಮಾರು 0.1 ಮಿಲಿಮೀಟರ್ ದಪ್ಪ. ಅದರಿಂದ ಪಟ್ಟಿ ಕತ್ತರಿಸಿ ಹೊಸ ಬೇರಿಂಗಿಗೆ ಸುತ್ತಿ ಗೂಡಿನಲ್ಲಿ ಕೂರಿಸಿದೆ. ಎರಡು ಬ್ಯಾಟರಿ ಕಳೆಯುವವರೆಗೆ ಸದ್ದಿಲ್ಲ. ಆಮೇಲೆ ಹೊಸ ಹೌಸಿಂಗ್ ತರಿಸಿದೆ. ಅದರ ಬೆಲೆ ನಾನು ಹಾಳು ಮಾಡಿದ ಒಂದು ಸ್ಟೀಲ್ ಗೇರ್ ಸೆಟ್ಟಿನ ಕಾಲುಭಾಗ.

ಗೂಡು ಸರಿ ಇದ್ದೂ ಆಟ ಜಾಸ್ತಿ ಇದ್ದರೆ ಶಿಮ್ ಹಾಕಿ. ತೆಳ್ಳನೆ ವಾಷರ್, 0.1 ಅಥವಾ 0.2 ಮಿಲಿಮೀಟರಿನದು. ಕ್ರೌನ್‌ನ ಬೆನ್ನಿಗೂ ಬೇರಿಂಗಿಗೂ ನಡುವೆ ಹಾಕಿದರೆ ಕ್ರೌನ್ ಪಿನಿಯನ್ ಕಡೆ ಸರಿಯುತ್ತದೆ. ಒಂದೊಂದೇ ಹಾಕಿ, ಪ್ರತಿ ಸಲ ತಿರುಗಿಸಿ ನೋಡಿ. ಒಂದು ಸುತ್ತಿನಲ್ಲಿ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ ಅನ್ನಿಸಿದರೆ ಕ್ರೌನ್ ಡಬ್ಬಿಯ ಮೇಲೆ ಓರೆಯಾಗಿ ಕೂತಿದೆ. ಕೆಳಗೆ ಮರಳಿನ ಕಾಳು ಸಿಕ್ಕಿರಬಹುದು, ಸ್ಕ್ರೂಗಳನ್ನು ಎದುರು ಬದುರಾಗಿ ಬಿಗಿಮಾಡದೆ ಸಾಲಾಗಿ ಬಿಗಿಮಾಡಿರಬಹುದು. ಪರೀಕ್ಷೆ ಮುಗಿದ ಮೇಲೆ ಕುಂಕುಮ ಪೂರ್ತಿ ಒರೆಸಿ ಗ್ರೀಸ್ ಹಾಕುವುದನ್ನು ಮರೆಯಬೇಡಿ.

ಎಣ್ಣೆ: ಗಾಡಿ ನಡೆಯುವ ರೀತಿಯಿಂದ ಓದುವುದು

ಯಂತ್ರ ಸರಿ ಇದೆ ಅಂತ ಖಾತ್ರಿಯಾದ ಮೇಲೆ ಎಣ್ಣೆಯ ಮಾತು. ಡಿಫ್‌ಗೆ ಹಾಕುವುದು ಸಿಲಿಕೋನ್ ಎಣ್ಣೆ, ಅದರ ದಪ್ಪವನ್ನು ಸೆಂಟಿಸ್ಟೋಕ್‌ನಲ್ಲಿ ಹೇಳುತ್ತಾರೆ. 5 ಸಾವಿರದ್ದು ಜೇನುತುಪ್ಪದ ಹಾಗೆ ಇಳಿಯುತ್ತದೆ. 1 ಲಕ್ಷದ್ದು ಬಾಟಲಿ ಬೋರಲು ಹಾಕಿದರೂ ಮನಸ್ಸು ಮಾಡುವುದಿಲ್ಲ. ಶಾಕ್ ಅಬ್ಸಾರ್ಬರಿನ ಎಣ್ಣೆಯ ಮೇಲೆ ಬರೆಯುವ ವೇಟ್ ಅಂಕಿ ಬೇರೆ ಲೆಕ್ಕ. ಅಲ್ಲಿಯ 30 ಅಂದರೆ ಸುಮಾರು 350 ಸೆಂಟಿಸ್ಟೋಕ್. ಅದನ್ನು ಡಿಫ್‌ಗೆ ಹಾಕಿದರೆ ನೀರು ಹಾಕಿದ ಹಾಗೆ.

1/8 ಬಗ್ಗಿಗಳಲ್ಲಿ ಮುಂದೆ 5 ಸಾವಿರ, ನಡುವೆ 7 ಸಾವಿರ, ಹಿಂದೆ 3 ಸಾವಿರ ಅನ್ನುವುದು ಬಹಳ ದಿನಗಳಿಂದ ಚಾಲ್ತಿಯಲ್ಲಿರುವ ಶುರುವಿನ ಲೆಕ್ಕ. ರೇಸಿನ ಬಗ್ಗಿಗಳ ಲೆಕ್ಕ ಅದು. ಭಾರದ ಟೈರು ಹಾಕಿಕೊಂಡು ಕೆರೆ ಅಂಗಳದಲ್ಲಿ ಹಾರುವ ಟ್ರಕ್ಕಿಗೆ ನಡುವಿನ ಡಿಫ್‌ನಲ್ಲಿ ಅಷ್ಟು ತೆಳು ಎಣ್ಣೆ ಸಾಲುವುದಿಲ್ಲ.

ಥ್ರಾಟಲ್ ಒತ್ತಿದಾಗ ಮುಂದಿನ ಟೈರುಗಳು ಬಲೂನಿನ ಹಾಗೆ ಉಬ್ಬಿ ಗಿರಗಿರ ತಿರುಗುತ್ತವೆ, ಗಾಡಿ ಮಾತ್ರ ಎದ್ದು ಹೋಗುವುದಿಲ್ಲ. ನಡುವಿನ ಡಿಫ್‌ನಲ್ಲಿ ಎಣ್ಣೆ ತೆಳುವಾದರೆ ಆಗುವುದು ಇದು. ವೇಗ ಹಿಡಿಯುವಾಗ ಭಾರ ಹಿಂದಕ್ಕೆ ಹೋಗುತ್ತದೆ, ಮುಂದಿನ ಚಕ್ರ ಹಗುರಾಗುತ್ತದೆ. ಡಿಫ್ ಯಾವತ್ತೂ ಸುಲಭವಾಗಿ ತಿರುಗುವ ಕಡೆಗೇ ಸುತ್ತನ್ನು ಬಿಟ್ಟುಕೊಡುತ್ತದೆ. ಎಣ್ಣೆ ದಪ್ಪ ಮಾಡಿದರೆ ಹಿಂದಿನ ಚಕ್ರಕ್ಕೂ ಪಾಲು ಸಿಗುತ್ತದೆ. ಜಾಸ್ತಿ ದಪ್ಪ ಮಾಡಿದರೆ ಮುಂಭಾಗ ಎದ್ದು ನಿಂತು ಪಲ್ಟಿ ಹೊಡೆಯುತ್ತದೆ. ಹುಡುಗರಿಗೆ ಅದೇ ಇಷ್ಟ, ಬಿಡಿ.

ಹಿಂದಿನ ಡಿಫ್‌ನಲ್ಲಿ ತೆಳು ಎಣ್ಣೆ ಇದ್ದರೆ ತಿರುವಿನಲ್ಲಿ ಹಿಂಭಾಗ ನೆಲ ಹಿಡಿದುಕೊಂಡು ಬರುತ್ತದೆ. ತೀರಾ ತೆಳುವಾದರೆ ಒಳಗಿನ ಚಕ್ರ ಸುಮ್ನೆ ತಿರುಗಿ ಶಕ್ತಿ ಪೋಲು. ದಪ್ಪವಾದರೆ ನೇರಕ್ಕೆ ಚೆನ್ನಾಗಿ ತಳ್ಳುತ್ತದೆ, ಆದರೆ ಒಣ ಕೆಮ್ಮಣ್ಣಿನ ಮೇಲೆ ಥ್ರಾಟಲ್ ಒತ್ತಿದ ಕೂಡಲೇ ಬಾಲ ಆಚೆ ಹೋಗುತ್ತದೆ. ಮುಂದಿನದರಲ್ಲಿ ತೆಳು ಎಣ್ಣೆ ಇದ್ದರೆ ಥ್ರಾಟಲ್ ಬಿಟ್ಟು ತಿರುಗುವಾಗ ಮೂತಿ ಚುರುಕಾಗಿ ಒಳಗೆ ಹೋಗುತ್ತದೆ. ದಪ್ಪ ಇದ್ದರೆ ತಿರುವಿಗೆ ಇಳಿಯುವಾಗ ಸ್ವಲ್ಪ ಮೊಂಡು, ಆದರೆ ಥ್ರಾಟಲ್ ಕೊಟ್ಟು ಹೊರಬರುವಾಗ ಎಳೆದುಕೊಂಡು ಬರುತ್ತದೆ.

ಒಂದು ಸಲಕ್ಕೆ ಒಂದೇ ಡಿಫ್ ಬದಲಾಯಿಸಿ. ಅದೂ ಎದ್ದು ಕಾಣುವಷ್ಟು ಬದಲಾಯಿಸಿ. 5 ಸಾವಿರದಿಂದ 6 ಸಾವಿರಕ್ಕೆ ಹೋದರೆ ನನ್ನಂಥವನ ಕೈಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. 10 ಸಾವಿರಕ್ಕೆ ಹೋಗಿ ನೋಡಿ, ಜಾಸ್ತಿಯಾದರೆ ವಾಪಸ್ ಬನ್ನಿ. ಬಾಡಿಯ ಒಳಗಡೆ ಒಂದು ಮಾಸ್ಕಿಂಗ್ ಟೇಪ್ ಅಂಟಿಸಿ ತಾರೀಖು, ಯಾವ ಡಿಫ್‌ಗೆ ಯಾವ ಎಣ್ಣೆ ಅಂತ ಬರೆದಿಡಿ. ಮೂರು ತಿಂಗಳ ನಂತರ ಯಾರಿಗೂ ನೆನಪಿರುವುದಿಲ್ಲ. ಜನವರಿ ಬೆಳಿಗ್ಗೆ ಸರಿ ಅನ್ನಿಸಿದ ಎಣ್ಣೆ ಏಪ್ರಿಲ್ ಮಧ್ಯಾಹ್ನಕ್ಕೆ ತುಸು ತೆಳು ಅನ್ನಿಸುವುದೂ ಉಂಟು.

ರೇಸಿನ ಟೂ ವೀಲ್ ಡ್ರೈವ್ ಟ್ರಕ್ಕುಗಳಲ್ಲಿ ಕೆಲವಕ್ಕೆ ಬಾಲ್ ಡಿಫ್ ಇರುತ್ತದೆ. ಎಣ್ಣೆ ಇಲ್ಲ, ಗುಂಡುಗಳ ಒತ್ತಡದ ಮೇಲೆ ಕೆಲಸ. ಅಲ್ಲಿ ನೆನಪಿಡಬೇಕಾದದ್ದು ಒಂದೇ. ಸ್ಪರ್ ಮತ್ತು ಒಂದು ಚಕ್ರ ಹಿಡಿದು ಇನ್ನೊಂದು ಚಕ್ರ ತಿರುಗಿಸಿದರೆ ಸುಲಭಕ್ಕೆ ತಿರುಗಬಾರದು. ಡಿಫ್ ಜಾರುವ ಮೊದಲು ಸ್ಲಿಪ್ಪರ್ ಜಾರಬೇಕು.

ಸೋರುವುದು

ಹೌಸಿಂಗ್ ಸುತ್ತ ಧೂಳು ಕೆಸರಿನ ಹಾಗೆ ಅಂಟಿಕೊಂಡಿದ್ದರೆ ಎಣ್ಣೆ ಹೊರಗೆ ಬರುತ್ತಿದೆ. ಬಿಚ್ಚಿದಾಗ ಎಣ್ಣೆಯನ್ನು ಬಿಳಿ ಟಿಶ್ಯೂ ಮೇಲೆ ಸುರಿದು ನೋಡಿ. ತಿಳಿ ಬೂದು ಬಣ್ಣ ಇದ್ದರೆ ಪರವಾಗಿಲ್ಲ, ಗೇರು ಒಗ್ಗಿಕೊಳ್ಳುವಾಗ ಬರುವುದೇ. ಮಿಣಮಿಣ ಚೂರುಗಳು ಕಂಡರೆ ಆಯಸ್ಕಾಂತ ತಾಗಿಸಿ. ಸೂಜಿಮೊನೆಯಂಥ ತುಂಡು ಎದ್ದು ಬಂದರೆ ಹಲ್ಲು ಮುರಿದಿದೆ, ಯಾವುದು ಅಂತ ಹುಡುಕಿ.

ಸೋರುವ ಜಾಗ ಎರಡೇ. ಕಪ್ಪು ಹೊರಬರುವಲ್ಲಿ ಇರುವ ಓ ರಿಂಗ್, ಮತ್ತು ಕ್ರೌನ್‌ಗೂ ಡಬ್ಬಿಗೂ ನಡುವಿನ ಗ್ಯಾಸ್ಕೆಟ್. ಓ ರಿಂಗ್ ಒಣಗಿ ಗಟ್ಟಿಯಾಗಿದ್ದರೆ ಎಸೆಯಿರಿ. ಕಪ್ಪಿನ ಕತ್ತಿನ ಮೇಲೆ ಉಗುರು ಆಡಿಸಿ, ಗೀರು ಸಿಕ್ಕಿದರೆ ಹೊಸ ಓ ರಿಂಗೂ ನಿಲ್ಲುವುದಿಲ್ಲ. ಗ್ಯಾಸ್ಕೆಟ್ ಹರಿದು ಹೋಗಿ ಬದಲಿ ಸಿಗದಿದ್ದರೆ ಆಟೊಮೊಬೈಲ್ ಅಂಗಡಿಯ ತೆಳು ಪ್ಯಾಕಿಂಗ್ ಶೀಟ್ ತಂದು ಹಳೆಯದನ್ನು ಇಟ್ಟು ಗೀಚಿ ಕತ್ತರಿಸಬಹುದು. ದಪ್ಪ ಶೀಟ್ ಬೇಡ, ಕ್ರೌನ್ ಜಾಗ ಬದಲಾಗಿ ಆಟದ ಲೆಕ್ಕ ತಪ್ಪುತ್ತದೆ.

ಎಣ್ಣೆಯನ್ನು ಅಂಚಿನವರೆಗೆ ತುಂಬಬೇಡಿ. ಸ್ಟಾರ್‌ಗಳ ಅಡ್ಡ ಪಿನ್ನು ಮುಳುಗಿ ಮೇಲೆ ಸ್ವಲ್ಪ ಜಾಗ ಉಳಿಯಲಿ. ಬಿಸಿಯಾದಾಗ ಎಣ್ಣೆ ಹಿಗ್ಗಿ ದಾರಿ ಹುಡುಕಿಕೊಳ್ಳುತ್ತದೆ. ತುಂಬಿದ ಮೇಲೆ ಗುಳ್ಳೆ ಮೇಲೆ ಬರಲು ಸಮಯ ಕೊಡಿ. ದಪ್ಪ ಎಣ್ಣೆಯಾದರೆ ರಾತ್ರಿಯೇ ಬಿಟ್ಟುಬಿಡಿ.

ಕ್ರಾಲರ್ ಇದ್ದವರಿಗೆ

ಬಂಡೆ ಹತ್ತುವ ಗಾಡಿಗಳಲ್ಲಿ ಎರಡೂ ಚಕ್ರ ಒಂದೇ ವೇಗದಲ್ಲಿ ತಿರುಗುವ ಹಾಗೆ ಆಕ್ಸಲ್ ಲಾಕ್ ಆಗಿರುತ್ತದೆ. ಟ್ರ್ಯಾಕ್ಸಸ್‌ನ ಟಿಆರ್‌ಎಕ್ಸ್-4 ಥರದವುಗಳಲ್ಲಿ ರಿಮೋಟಿನಿಂದಲೇ ಲಾಕ್ ಹಾಕಬಹುದು, ತೆಗೆಯಬಹುದು. ಹಾಗಾಗಿ ಮೇಲೆ ಹೇಳಿದ ಉಲ್ಟಾ ತಿರುಗುವ ಪರೀಕ್ಷೆ ಲಾಕ್ ಇರುವಾಗ ನಡೆಯುವುದಿಲ್ಲ. ಕಾಂಕ್ರೀಟಿನ ಮೇಲೆ ತಿರುಗುವಾಗ ಗಾಡಿ ಕುಪ್ಪಳಿಸಿದರೆ ಅದು ದೋಷ ಅಲ್ಲ, ಲಾಕ್ ಆದ ಆಕ್ಸಲಿನ ಸ್ವಭಾವ. ಲಾಕ್ ತೆಗೆದ ಮೇಲೂ ಕುಪ್ಪಳಿಸಿದರೆ ಲಾಕರಿನ ಫೋರ್ಕ್ ಪೂರ್ತಿ ಸರಿಯುತ್ತಿಲ್ಲ, ಅದನ್ನು ಎಳೆಯುವ ಕೇಬಲ್ ನೋಡಿ.

ಅಪ್‌ಗ್ರೇಡ್: ಯಾವುದು ಮೊದಲು

ಮೊದಲ ಅಪ್‌ಗ್ರೇಡಿಗೆ ಒಂದು ಪೈಸೆ ಬೇಡ. ಇಎಸ್‌ಸಿಯಲ್ಲಿ (ಮೋಟರಿನ ವೇಗ ನಿಯಂತ್ರಿಸುವ ಡಬ್ಬಿ) ಪಂಚ್ ಅಂತ ಒಂದು ಸೆಟ್ಟಿಂಗ್ ಇದ್ದರೆ ಎರಡು ಮೆಟ್ಟಿಲು ಇಳಿಸಿ. ಕೊನೆಯ ವೇಗ ಅಷ್ಟೇ ಇರುತ್ತದೆ, ನಿಂತಲ್ಲಿಂದ ಹೊಡೆಯುವ ಪೆಟ್ಟು ಮಾತ್ರ ಕಡಿಮೆಯಾಗುತ್ತದೆ. ಎರಡನೆಯದೂ ಬಿಟ್ಟಿ. ಗಾಳಿಯಲ್ಲಿ ಹಾರಿ ಇಳಿಯುವಾಗ ಥ್ರಾಟಲ್ ಬಿಡಿ. ಗಿರಗಿರ ತಿರುಗುತ್ತಿರುವ ಚಕ್ರ ನೆಲಕ್ಕೆ ತಾಗಿ ತಟ್ಟನೆ ನಿಂತಾಗ ಆ ಪೆಟ್ಟೆಲ್ಲ ತಿನ್ನುವುದು ಸ್ಟಾರ್ ಮತ್ತು ಅಡ್ಡ ಪಿನ್ನು.

ಆಮೇಲೆ ಬೇರಿಂಗ್ ಮತ್ತು ಶಿಮ್. ಬೇರಿಂಗಿಗೆ ಆರ್‌ಸಿ ಅಂಗಡಿಯೇ ಬೇಕಂತಿಲ್ಲ. ಒಳ ಅಳತೆ, ಹೊರ ಅಳತೆ, ದಪ್ಪ ಹೇಳಿದರೆ ಯಾವ ಬೇರಿಂಗ್ ಅಂಗಡಿಯಲ್ಲೂ ಕೇಳಬಹುದು, 5×11×4 ಅಥವಾ 10×15×4 ಅಂತ. ಮೂರನೆಯದು ಗಟ್ಟಿ ಹೌಸಿಂಗ್ ಅಥವಾ ಅಲ್ಯುಮಿನಿಯಂ ಡಿಫ್ ಡಬ್ಬಿ. ಗೂಡು ಬಗ್ಗದಿದ್ದರೆ ಮೂಲ ಗೇರೇ ಬಹಳ ದಿನ ಬಾಳುತ್ತದೆ. ಸ್ಟೀಲ್ ಕ್ರೌನ್ ಪಿನಿಯನ್ ಅದಾದ ಮೇಲೆ. ನಾನು ಈ ಸಾಲನ್ನು ಪೂರ್ತಿ ಉಲ್ಟಾ ಮಾಡಿದ್ದೆ.

ಡ್ರೈವ್ ಶಾಫ್ಟುಗಳನ್ನು ಸ್ಟೀಲಿಗೆ ಬದಲಾಯಿಸುವಾಗ ಒಂದು ಯೋಚನೆ ಮಾಡಿ. ಪ್ಲಾಸ್ಟಿಕ್ ಶಾಫ್ಟ್ ತಿರುಚಿಕೊಂಡು ಪೆಟ್ಟನ್ನು ತಾನೇ ತಿನ್ನುತ್ತಿತ್ತು. ಸ್ಟೀಲ್ ತಿನ್ನುವುದಿಲ್ಲ, ಮುಂದಿನವನಿಗೆ ದಾಟಿಸುತ್ತದೆ. ಆ ಮುಂದಿನವನು ಡಿಫ್. ಎಲ್ಲಾ ಕಡೆ ಸ್ಟೀಲ್ ಹಾಕಿದರೂ ಒಂದು ಜಾಗ ಮೆತ್ತಗೆ ಉಳಿಯಲಿ. ನಾನು ಸ್ಪರ್ ಗೇರನ್ನು ಪ್ಲಾಸ್ಟಿಕ್‌ನಲ್ಲೇ ಇಟ್ಟಿದ್ದೇನೆ. ಮುರಿದರೆ ಅಗ್ಗ, ಐದು ನಿಮಿಷದ ಕೆಲಸ, ಚೀಲದಲ್ಲಿ ಯಾವಾಗಲೂ ಎರಡು ಇರುತ್ತವೆ.

ಮೋಟರ್ ಪಿನಿಯನ್ ದೊಡ್ಡದು ಹಾಕುವುದನ್ನು ಅಪ್‌ಗ್ರೇಡ್ ಅಂತ ಕರೆಯುವವರೂ ಇದ್ದಾರೆ. 50 ಹಲ್ಲಿನ ಸ್ಪರ್‌ಗೆ 14ರ ಬದಲು 16 ಹಲ್ಲು ಹಾಕಿದರೆ ಅನುಪಾತ 3.57ರಿಂದ 3.13ಕ್ಕೆ ಇಳಿಯುತ್ತದೆ. ಮೋಟರ್ ಅಷ್ಟೇ ಸುತ್ತು ಹಾಕಿದರೆ ವೇಗ ಶೇಕಡಾ 14ರಷ್ಟು ಹೆಚ್ಚು, ಮೋಟರ್ ಬಿಸಿಯೂ ಹೆಚ್ಚು. ಐದು ನಿಮಿಷ ಓಡಿಸಿ ಮೋಟರ್ ಮುಟ್ಟಿ, ನಾಲ್ಕೆಣಿಸುವಷ್ಟು ಹೊತ್ತು ಬೆರಳು ಇಡಲಾಗದಿದ್ದರೆ ಹಳೆಯದನ್ನೇ ಹಾಕಿ. ಪಿನಿಯನ್ ಬದಲಾಯಿಸದೆಯೇ ಅಷ್ಟು ಬಿಸಿಯಾದರೆ ಎಲ್ಲೋ ಏನೋ ಹಿಡಿದುಕೊಂಡಿದೆ, ತಳ್ಳಿ ನೋಡುವ ಪರೀಕ್ಷೆಗೆ ವಾಪಸ್ ಹೋಗಿ.

ಎಲ್ಲಾ ಜೋಡಿಸಿದ ಮೇಲೆ ಮೊದಲ ಬ್ಯಾಟರಿಯನ್ನು ಅರ್ಧ ಥ್ರಾಟಲ್‌ನಲ್ಲೇ ಮುಗಿಸಿ. ಮುಗಿದ ಕೂಡಲೇ ಮುಂದಿನ ಹೌಸಿಂಗ್ ಮೇಲೆ ಒಂದು ಬೆರಳು, ಹಿಂದಿನದರ ಮೇಲೆ ಒಂದು ಬೆರಳು ಇಡಿ. ಒಂದು ಇನ್ನೊಂದಕ್ಕಿಂತ ಎದ್ದು ಕಾಣುವಷ್ಟು ಬಿಸಿ ಇದ್ದರೆ ಅಲ್ಲಿ ಶಿಮ್ ಬಿಗಿಯಾಗಿದೆ, ಒಂದನ್ನು ತೆಗೆಯಿರಿ. ಮೂರನೇ ಬ್ಯಾಟರಿ ಆದ ಮೇಲೆ ಪಕ್ಕಕ್ಕೆ ಒತ್ತಿ ಅಲ್ಲಾಡಿಸುವ ಪರೀಕ್ಷೆ ಇನ್ನೊಮ್ಮೆ ಮಾಡಿ, ಕ್ರೌನ್‌ನ ಸ್ಕ್ರೂಗಳು ಸಡಿಲವಾಗಿದ್ದರೆ ಆಗಲೇ ಗೊತ್ತಾಗುತ್ತದೆ.